ಒಂದೇ ಡಬ್ಬಿ ಹಿಡಿಯುವ ಪ್ಲಾಟ್‌ಫಾರ್ಮನ್ನು ಉದ್ದ ಮಾಡದಿರಲು ಕೋರಿ

ಇಂದ:
ನಿವೃತ್ತ ಹೆಡ್ ಕ್ಲಾರ್ಕರ ಪತ್ನಿ,
ಮಹಿಳೆಯರ ಡಬ್ಬಿ (ಎಂಜಿನ್ನಿಗೆ ತಾಗಿದ್ದು),
ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲು.

ಗೆ:
ಪ್ಲಾಟ್‌ಫಾರ್ಮುಗಳ ಉದ್ದಗಲ ನೋಡಿಕೊಳ್ಳುವ ಅಧಿಕಾರಿಗಳು,
ರೈಲ್ವೆ ಕಚೇರಿ.

ವಿಷಯ: ಕಾಲುವೆ ಪಕ್ಕದ ಸಣ್ಣ ನಿಲ್ದಾಣದ ಪ್ಲಾಟ್‌ಫಾರ್ಮನ್ನು ಈಗಿರುವಷ್ಟೇ ಗಿಡ್ಡವಾಗಿ ಉಳಿಸಿಕೊಡುವ ಕುರಿತು.

ಉಲ್ಲೇಖ:
೧. ಸದರಿ ಪ್ಲಾಟ್‌ಫಾರ್ಮನ್ನು ಉದ್ದ ಮಾಡಬೇಕೆಂದು ಅರ್ಜಿದಾರಳ ಯಜಮಾನರು ಸಲ್ಲಿಸಿರುವ ಮನವಿ.
೨. ‘ಪರಿಶೀಲನೆಯಲ್ಲಿದೆ’ ಎಂಬ ತಮ್ಮ ಉತ್ತರ.
೩. ಕಳೆದ ಭಾನುವಾರ ಅಳತೆ ಟೇಪು ಹಿಡಿದು ಬಂದಿದ್ದ ಇಬ್ಬರು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ ೧ರ ಕೈಬರಹವೂ ಈ ಅರ್ಜಿಯ ಕೈಬರಹವೂ ಒಂದೇ ಆಗಿರುವುದನ್ನು ಕಂಡು ತಾವು ಗಾಬರಿಯಾಗಬಾರದು. ಯಜಮಾನರ ಅಕ್ಷರ ಕೋಳಿ ಕೆದರಿದ ಹಾಗಿರುವ ಕಾರಣ, ಅವರು ಹೇಳಿದ್ದನ್ನು ಶುದ್ಧಪ್ರತಿ ಮಾಡುವ ಕೆಲಸ ಮದುವೆಯಾದಂದಿನಿಂದ ಅರ್ಜಿದಾರಳದು. ಆ ಮನವಿಯಲ್ಲಿ ‘ನಾನೂ ನನ್ನ ಪತ್ನಿಯೂ ತೀವ್ರ ತೊಂದರೆಗೆ ಒಳಗಾಗಿದ್ದೇವೆ’ ಎಂಬ ವಾಕ್ಯವಿದೆ. ಅಲ್ಲಿ ಕೈ ಪತ್ನಿಯದು, ತೊಂದರೆ ಪತಿಯದು. ಈ ಅರ್ಜಿಯಲ್ಲಿ ಎರಡೂ ಪತ್ನಿಯದೇ.

೧. ಯಜಮಾನರು ನಿವೃತ್ತರಾದ ಮೇಲೆ ಅವರ ಕೈಕೆಳಗಿನ ಸಿಬ್ಬಂದಿಯಲ್ಲಿ ಅರ್ಜಿದಾರಳೊಬ್ಬಳೇ ಉಳಿದಿದ್ದರಿಂದ, ಭಾನುವಾರಗಳಂದು ರೈಲು ಹತ್ತಿ ಎಲ್ಲಾದರೂ ಹೊಲಗದ್ದೆಗಳ ನಡುವೆ ಇಳಿದು, ಹಗಲಿಡೀ ನಡೆದು, ಸಂಜೆಯ ರೈಲಿಗೆ ಮರಳುವ ಕಾರ್ಯಕ್ರಮ ಜಾರಿಗೆ ಬಂದಿತು. ನಡೆಯುವುದು ಅರ್ಜಿದಾರಳಿಗೂ ಇಷ್ಟವೇ. ಆದರೆ ನಕ್ಷೆಯೂ ಸೀಟಿಯೂ ಯಜಮಾನರ ಹತ್ತಿರ ಇರುವ ಕಾರಣ ಅವರು ಮುಂದೆ, ಬುತ್ತಿ ಹೊತ್ತ ಅರ್ಜಿದಾರಳು ಹಿಂದೆ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಹೋಗುವ ಅವರನ್ನು ಕಣ್ಣಿಂದ ತಪ್ಪಿಸಿಕೊಳ್ಳಬಾರದೆಂದು ಅವಳು ನೋಡುತ್ತ ಬಂದದ್ದು ಅವರ ಕತ್ತಿನ ಹಿಂಭಾಗವನ್ನು ಮಾತ್ರ. ಒಮ್ಮೆ ಮಗಳು, “ನೀವು ಹೋಗಿದ್ದ ಜಾಗ ಹೇಗಿತ್ತಮ್ಮಾ?” ಎಂದು ಕೇಳಿದಾಗ, “ಬಿಸಿಲಿಗೆ ಕೆಂಪಗಾಗಿತ್ತು” ಎಂದು ಬಾಯಿಗೆ ಬಂದುಬಿಟ್ಟಿತು. ಅದು ಕತ್ತಿನ ವಿಷಯ.

೨. ಸದರಿ ಸಣ್ಣ ನಿಲ್ದಾಣದ ಪ್ಲಾಟ್‌ಫಾರ್ಮು ಒಂದೇ ಡಬ್ಬಿಯಷ್ಟು ಉದ್ದ. ಅಲ್ಲಿಗೆ ಬಂದು ನಿಲ್ಲುವುದು ಎಂಜಿನ್ನಿನ ಹಿಂದಿರುವ ಮಹಿಳೆಯರ ಡಬ್ಬಿ. ಹಿಂದಿನ ಡಬ್ಬಿಗಳ ಗಂಡಸರು ಜಲ್ಲಿಕಲ್ಲಿನ ಮೇಲೆ ಹಾರಿ ಇಳಿಯುತ್ತಾರೆ. ಯಜಮಾನರಿಗೆ ಮೂಳೆ ಡಾಕ್ಟರು, “ಹಾರೋದು, ಕುಣಿಯೋದು ಎರಡೂ ಬಿಡಿ” ಎಂದಿದ್ದಾರೆ. ಕುಣಿಯುವುದನ್ನು ಅವರು ಎಂದೂ ಹಿಡಿದವರಲ್ಲ. ಹಾರುವುದನ್ನು ಬಿಟ್ಟರು.

ಪ್ಲಾಟ್‌ಫಾರ್ಮಿನ ಈ ಸಂಗತಿ ತಿಳಿಯದೆ ಹೋದ ಮೊದಲ ದಿನ, ನೂಕುನುಗ್ಗಲಿನ ಕಾರಣ ಅರ್ಜಿದಾರಳು ಮಹಿಳೆಯರ ಡಬ್ಬಿಯಲ್ಲಿ ಕುಳಿತು, ಇಳಿದು ಹಿಂದಿರುಗಿ ನೋಡಿದರೆ, ಯಜಮಾನರು ಕೊನೆಯ ಡಬ್ಬಿಯ ಕಂಬಿ ಹಿಡಿದು ಬಾವಿಗೆ ಬಗ್ಗಿ ನೋಡುವವರಂತೆ ಜಲ್ಲಿಯನ್ನು ನೋಡುತ್ತಿದ್ದರು.

“ಹತ್ತೇ! ವಾಪಸ್ ಹತ್ತು!”

“ಏನ್ರೀ? ಕೇಳಿಸ್ತಿಲ್ಲ!”

ಇದು ಪೂರ್ತಿ ನಿಜವಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಅಷ್ಟರಲ್ಲಿ ಎರಡು ಸೀಟಿಗಳು ಕೇಳಿಸಿದವು. ಎಂಜಿನ್ನಿನ ಸೀಟಿಗೆ ಮಾತ್ರ ರೈಲು ಓಗೊಟ್ಟಿತು.

೩. ಅಲ್ಲಿ ರೈಲ್ವೆ ಗೇಟು ಕಾಯುವ ಹೆಂಗಸು ವಿಚಾರಿಸಿದಳು.

“ಎಲ್ಲಿಗೆ ಹೋಗ್ಬೇಕಕ್ಕಾ?”

“ಗೊತ್ತಿಲ್ಲಮ್ಮ. ನಕ್ಷೆ ನಮ್ಮನೆಯವರ ಹತ್ರ ಇದೆ.”

“ಅವರೆಲ್ಲಿ?”

“ರೈಲಲ್ಲಿ ಹೋದ್ರು.”

“ಅಯ್ಯೋ! ಜಗಳ ಏನಾದ್ರೂ...?”

“ಇಲ್ಲಮ್ಮ. ಪ್ಲಾಟ್‌ಫಾರ್ಮು ಮುಗಿದುಹೋಯ್ತು.”

ಅವಳು ಹೊಟ್ಟೆ ಹಿಡಿದು ನಕ್ಕಳು. “ಕಾಲುವೆ ದಂಡೆ ಹಿಡಿದು ಹೋಗಿ. ಮುಂದಿನ ಸ್ಟೇಷನ್ನಿಗೇ ಹೋಗತ್ತೆ. ಅವಸರ ಬೇಡ, ಕಾಲುವೆಗೇನೂ ಅವಸರ ಇಲ್ಲ.”

ಕಾರಣ ಅರ್ಜಿದಾರಳು ಒಬ್ಬಳೇ ನಡೆದಳು. ಚಪ್ಪಲಿ ಬಿಚ್ಚಿ ನೀರಿನಲ್ಲಿ ಕಾಲಿಟ್ಟಳು. ಕಾರಣವಿಲ್ಲದೆ ಕುಳಿತಳು, ಕಾರಣವಿಲ್ಲದೆ ಎದ್ದಳು. ಬಾಲ ಕುಣಿಸುವ ಒಂದು ಹಕ್ಕಿ ಕಂಡಿತು. ಅದರ ಹೆಸರು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ತನ್ನ ನಡಿಗೆ ಹುಟ್ಟಾ ಮೆಲ್ಲಗಿನದು ಎಂದು ಅವಳಿಗೆ ಗೊತ್ತಾದದ್ದು ಅಂದೇ. ಇಷ್ಟು ವರ್ಷ ಅದನ್ನು ‘ಹಿಂದೆ ಬೀಳುವುದು’ ಎಂದು ಕರೆಯಲಾಗುತ್ತಿತ್ತು.

೪. ಹೀಗಿರಲಾಗಿ, ಕಾಲುವೆಯ ತಿರುವಿನಲ್ಲಿ ಎದುರಿನಿಂದ ಯಾರೋ ವಯಸ್ಸಾದವರು ಬರುವುದು ಕಂಡಿತು. ಮುಖದ ತುಂಬ ದಿಗಿಲು. ಪಾಪ, ಯಾರನ್ನೋ ಕಳೆದುಕೊಂಡಿರಬೇಕು ಎಂದು ಅರ್ಜಿದಾರಳು ಮರುಗುವಷ್ಟರಲ್ಲಿ ಅವರು ಬಾಯಿ ತೆರೆದರು.

“ಬುದ್ಧಿ ಇದೆಯೇನೇ ನಿನಗೆ?”

“ಹಸಿವಾಯ್ತಾ?”

“ಆಗ್ದೆ ಇನ್ನೇನು! ಬುತ್ತಿ ಒಂದು ಕಡೆ, ಬಾಯಿ ಒಂದು ಕಡೆ!”

ಮುಂದಿನ ನಿಲ್ದಾಣದಲ್ಲಿ ಇಳಿದು ಅದೇ ದಂಡೆಯ ಮೇಲೆ ಅವರು ಹುಡುಕಿಕೊಂಡು ಬಂದಿದ್ದರು. ಅಲ್ಲೇ ಮರದಡಿ ಕೂತು ಉಂಡರು. ಅರ್ಧ ಊಟವಾದ ಮೇಲೆ ಸಿಟ್ಟಿಳಿದು, “ದಾರೀಲಿ ಒಂದು ಮೊಲ ಬಂತು ಕಣೇ. ನೋಡೇ ಅಂತ ತಿರುಗಿದ್ರೆ, ನೀನೇ ಇಲ್ಲ” ಎಂದರು. ಇನ್ನೊಂದು ತುತ್ತು ಕಲಸುತ್ತ, “ನೀನೇನು ನೋಡ್ದೆ?” ಎಂದರು.

ಮಾನ್ಯರೇ, ಈ ಪ್ರಶ್ನೆ ಅದುವರೆಗೆ ಉದ್ಭವಿಸಿರಲಿಲ್ಲ. ತಾವು ನೋಡಿದ್ದೇ ಇವಳೂ ನೋಡಿದ್ದು ಎಂದು ಅವರು ತಿಳಿದಿದ್ದರು. ಬೇರೆ ಕಡೆಯಿಂದ ಬಂದವಳನ್ನು ಕೇಳದೆ ವಿಧಿಯಿರಲಿಲ್ಲ. ಅರ್ಜಿದಾರಳು ಬಾಲ ಕುಣಿಸುವ ಹಕ್ಕಿಯಿಂದ ಶುರುಮಾಡಿದಳು. ಅವರು ತುತ್ತು ಕೈಯಲ್ಲಿ ಹಿಡಿದೇ ಕೇಳಿದರು.

೫. ಅಂದಿನಿಂದ ಇದೇ ಏರ್ಪಾಡು. ಇವಳು ಇಲ್ಲಿಂದ, ಅವರು ಅಲ್ಲಿಂದ. ಮರದಡಿ ಊಟ. ಊಟವಾದ ಮೇಲೆ, ಮುಂದಿನ ನಿಲ್ದಾಣದಲ್ಲಿ ಹತ್ತುವ ಸಂಜೆಯ ರೈಲಿಗೆ ಅವರು ಮುಂದೆ, ಇವಳು ಹಿಂದೆ. ಇದಕ್ಕೆ ಅರ್ಜಿದಾರಳ ಆಕ್ಷೇಪಣೆ ಇಲ್ಲ. ಅರ್ಧ ದಿನ ಸಾಕು.

೬. ಆದರೆ ತೊಂದರೆಯೊಂದು ಕಣ್ಣಿಗೆ ಬಿದ್ದರೆ ಮನವಿ ಬರೆಯದೆ ಬಿಡುವ ಜಾಯಮಾನ ಯಜಮಾನರದಲ್ಲ. “ಪ್ಲಾಟ್‌ಫಾರ್ಮು ಉದ್ದ ಆಗ್ಲಿ ನೋಡು, ಮೊದಲಿನ ಹಾಗೆ ಜೊತೆಗೇ ಹೋಗೋಣ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದ್ದರಿಂದ ಅರ್ಜಿದಾರಳಿಗೆ ಇದು ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಗಂಡನಿಗೆ ಹೇಳಲಾಗದ್ದನ್ನು ರೈಲ್ವೆಯವರಿಗಾದರೂ ಹೇಳೋಣವೆಂದು ಈ ಅರ್ಜಿ.

೭. ‘ಪರಿಶೀಲನೆಯಲ್ಲಿದೆ’ ಎಂದರೆ ಏನೂ ಆಗುವುದಿಲ್ಲ ಎಂದು ಯಜಮಾನರ ಸೇವಾವಧಿಯಿಂದ ಕಲಿತಿದ್ದ ಅರ್ಜಿದಾರಳು ನಿಶ್ಚಿಂತೆಯಿಂದ ಇದ್ದಳು. ಹಾಗಿರುವಾಗ ತಾವು ನಿಜವಾಗಿಯೂ ಟೇಪು ಕಳುಹಿಸಿದ್ದು ಅನಿರೀಕ್ಷಿತ. “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಮ್ಮಾ, ನಿಮ್ಮ ಅನುಕೂಲಕ್ಕೇ ಅಳೀತಿರೋದು” ಎಂದರು ತಮ್ಮವರು. ಅರ್ಜಿದಾರಳು ಪಕ್ಕಕ್ಕೆ ನಿಂತಳು. ಅದರಲ್ಲಿ ಅವಳಿಗೆ ದೀರ್ಘ ಅನುಭವವಿದೆ.

ಆದ್ದರಿಂದ, ಈ ಮೇಲ್ಕಂಡ ಕಾರಣಗಳಿಂದಾಗಿ, ಸದರಿ ಪ್ಲಾಟ್‌ಫಾರ್ಮನ್ನು ಉದ್ದ ಮಾಡಬಾರದೆಂದು ಕೋರಲಾಗಿದೆ. ಮಂಜೂರಾತಿ ಈಗಾಗಲೇ ಆಗಿಹೋಗಿ, ಉದ್ದ ಮಾಡದೆ ನಿರ್ವಾಹವಿಲ್ಲವೆಂದಾದಲ್ಲಿ, ರೈಲು ನಿಲ್ಲುವ ಜಾಗವನ್ನು ಕದಲಿಸದೆ, ಪ್ಲಾಟ್‌ಫಾರ್ಮನ್ನು ಎಂಜಿನ್ನಿನ ಮುಂದಕ್ಕೆ ಎಷ್ಟು ಬೇಕಾದರೂ ಉದ್ದ ಮಾಡಬಹುದು. ಇದರಿಂದ ಯಜಮಾನರ ಮನವಿಗೆ ಮನ್ನಣೆ ಸಿಕ್ಕಂತಾಗುತ್ತದೆ, ತಮ್ಮ ಕಡತವೂ ಮುಗಿಯುತ್ತದೆ.

ಇಂತು ತಮ್ಮ ವಿಶ್ವಾಸಿಯೂ, ಉಲ್ಲೇಖ ೧ರ ಮನವಿದಾರರ ವಿಶ್ವಾಸಿಯೂ ಆದ,
ಅರ್ಜಿದಾರಳು

ಲಗತ್ತುಗಳು:
೧. ಮೊಣಕಾಲಿನ ಬಗ್ಗೆ ಮೂಳೆ ಡಾಕ್ಟರ ಚೀಟಿಯ ನಕಲು.
೨. ಗೇಟು ಕಾಯುವ ಹೆಂಗಸಿನ ಹೇಳಿಕೆ: “ಈ ಅಕ್ಕ ಒಬ್ಬರೇ ನಡೀತಾರೆ. ರೈಲಿಗೆ ಏನೂ ತೊಂದರೆ ಇಲ್ಲ.”
೩. ಸ್ಥಳದ ನಕ್ಷೆ: ಲಗತ್ತಿಸಿಲ್ಲ. ಯಜಮಾನರ ಚೀಲದಲ್ಲಿದೆ.

ವಿ.ಸೂ.: ಮನೆಗೆ ಬರುವ ಟಪಾಲನ್ನು ಯಜಮಾನರೇ ಒಡೆಯುವ ಕಾರಣ, ಈ ಅರ್ಜಿಗೆ ಉತ್ತರವನ್ನು ಮನೆಯ ವಿಳಾಸಕ್ಕೆ ಕಳುಹಿಸದೆ, ಸದರಿ ಪ್ಲಾಟ್‌ಫಾರ್ಮಿನ ನೋಟೀಸು ಹಲಗೆಗೆ ಅಂಟಿಸಬೇಕಾಗಿ ವಿನಂತಿ. ಅಲ್ಲಿ ಅವರು ಇಳಿಯಲಾರರು.