ಬಕೆಟ್ಟಿನ ಲಿಕುಕು ಎಣಿಸಿದ ಅಧಿಕಾರಿಗಳಿಗೆ

ಎರಡು ದೇಶಗಳ ಗಡಿಯಾದ ಮೊಹೋಕರೆ ನದಿಯ ಸೇತುವೆಯ ಈ ತುದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಮೂರನೆಯ ಮೇಜಿನ ಹಿಂದೆ ವಿರಾಜಮಾನರಾಗಿರುವ ತಪಾಸಣಾ ಅಧಿಕಾರಿಗಳಾದ ಮಾನ್ಯರೇ,

ತಮಗೂ, ತಮ್ಮ ರಬ್ಬರ್ ಮೊಹರಿಗೂ, ಆ ಮೊಹರಿಗೆ ಮಸಿ ಉಣಿಸುವ ಪುಟ್ಟ ಡಬ್ಬಿಗೂ ನನ್ನ ಅನಂತ ನಮಸ್ಕಾರಗಳು. ತಮ್ಮ ಮನೆಮಂದಿ ಕ್ಷೇಮವೇ, ದನಕರು ಸೌಖ್ಯವೇ, ಊರ ಕಡೆ ಮಳೆಯಾಯಿತೇ ಎಂದು ವಿಚಾರಿಸದೆ ದೂರಿಗೆ ಇಳಿಯುವುದು ನಮ್ಮಲ್ಲಿ ಒರಟುತನವಾದ್ದರಿಂದ ಎಲ್ಲವನ್ನೂ ಒಂದೇ ಉಸಿರಿಗೆ ವಿಚಾರಿಸಿದ್ದೇನೆ, ದಯವಿಟ್ಟು ಸ್ವೀಕರಿಸಬೇಕು. ನಾನು ಮೊಲಿಯೇಹಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ, ವಯಸ್ಸು ಐವತ್ತೊಂದು. ಇದುವರೆಗೆ ಯಾವ ಕಚೇರಿಯ ಮೇಲೂ ದೂರು ಬರೆದವಳಲ್ಲ. ಈ ಪತ್ರದ ಒಂದು ಪ್ರತಿಯನ್ನು ಟ್ಯಾಕ್ಸಿ ನಿಲ್ದಾಣದ ಗೋಡೆಗೂ ಅಂಟಿಸಿದ್ದೇನೆ. ಆ ದಿನ ಸರದಿಯಲ್ಲಿ ನಿಂತಿದ್ದವರು ಹೇಗೂ ಅರ್ಧ ಕತೆಯನ್ನು ಊರಿಗೆಲ್ಲ ಹಂಚಿಯಾಗಿದೆ, ಉಳಿದರ್ಧ ನನ್ನ ಬಾಯಿಂದಲೇ ಬರಲಿ.

ತಮಗೆ ನೆನಪಿರಬಹುದು, ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು, ಬೆಳಗ್ಗೆ ಒಂಬತ್ತರ ಹೊತ್ತಿಗೆ, ಮುಚ್ಚಳಕ್ಕೆ ಹಗ್ಗ ಬಿಗಿದ ಇಪ್ಪತ್ತು ಲೀಟರಿನ ಬಿಳಿ ಬಕೆಟ್ಟೊಂದನ್ನು ತಮ್ಮ ಮೇಜಿನ ಮೇಲಿಟ್ಟವಳು ನಾನೇ. ಅದರೊಳಗಿದ್ದದ್ದು ನಮ್ಮಮ್ಮ ಮಾಸೆಖೋಬೆ ಮಾಡಿದ ಲಿಕುಕು. ಎಂಬತ್ತೊಂದರ ನಮ್ಮಮ್ಮ ಪ್ರತಿ ಡಿಸೆಂಬರಿನಲ್ಲಿ ಎರಡು ದಿನ ಅಂಗಳದ ಕಬ್ಬಿಣದ ಒಲೆಗೆ ಬೆರಣಿ ಹಾಕಿ, ಮಗುವಿಗೆ ಸ್ನಾನ ಮಾಡಿಸುವಷ್ಟು ದೊಡ್ಡ ಬೋಗುಣಿಯಲ್ಲಿ ಹಿಟ್ಟು, ಬೆಣ್ಣೆ, ಮೊಟ್ಟೆ, ಸಕ್ಕರೆ, ಹುಳಿ ಹಾಲು ಕಲಸಿ, ಹೊರಗೆ ಕೆಂಪಗೆ ಒಳಗೆ ಮೆತ್ತಗೆ ಇರುವ ಈ ಸಿಹಿ ಬನ್ನುಗಳನ್ನು ಬೇಯಿಸುತ್ತಾಳೆ. ಇಡೀ ಬಳಗಕ್ಕೆ ಹಂಚುವ ಈ ತಿಂಡಿಯಲ್ಲಿ ಮೊದಲ ಹನ್ನೆರಡು ಡಜನ್ ನಮ್ಮಣ್ಣ ಸೆಖೋಬೆಯದು. ಅವನು ನದಿಯಾಚೆಯ ದೇಶದಲ್ಲಿ, ಫ್ರೀ ಸ್ಟೇಟ್ ಪ್ರಾಂತ್ಯದ ಹಾಲಿನ ಫಾರ್ಮೊಂದರಲ್ಲಿ ಮೇಸ್ತ್ರಿ.

ಈ ಅಣ್ಣ ಐದು ಡಿಸೆಂಬರಿನಿಂದ ಮನೆಗೆ ಕಾಲಿಟ್ಟಿರಲಿಲ್ಲ ಎಂಬುದು ತಮಗೆ ತಿಳಿದಿರಲಾರದು. ಅದಕ್ಕೂ ಹಿಂದಿನ ಕ್ರಿಸ್‌ಮಸ್ಸಿಗೆ ಅವನು ಗುಲಾಬಿ ಬಣ್ಣದ ಕೆನೆ ಬಳಿದ ಅಂಗಡಿ ಕೇಕೊಂದನ್ನು ತಂದು, "ಯಾಕಮ್ಮಾ ಸೊಂಟ ಮುರ್ಕೋತೀಯ, ಇದೆಲ್ಲ ಈಗ ಅಂಗಡೀಲೇ ಸಿಗುತ್ತೆ" ಎಂದುಬಿಟ್ಟ. ಅಮ್ಮ ಕೇಕನ್ನು ಎತ್ತಿಕೊಂಡು ಹೋಗಿ ಕೋಳಿಗಳ ಮುಂದೆ ಇಟ್ಟಳು. ಎರಡು ದಿನ ನಮ್ಮ ಅಂಗಳದಲ್ಲಿ ಗುಲಾಬಿ ಕೊಕ್ಕಿನ ಕೋಳಿಗಳು ಓಡಾಡಿದವು. ಅಣ್ಣ ಮಾತ್ರ ಅವತ್ತೇ ಚೀಲ ಹೆಗಲಿಗೇರಿಸಿ ಹೊರಟುಹೋಗಿದ್ದ. ಆಮೇಲೆ ತಾಯಿ ಮಗನ ನಡುವೆ ಮಾತೆಂದರೆ ಆ ಬಕೆಟ್ಟೊಂದೇ. ಅವಳು ತುಂಬಿ ಕಳಿಸುವುದು, ಅವನು ತೊಳೆದು ಒಳಗೊಂದು ಚೀಲ ಸಕ್ಕರೆಯಿಟ್ಟು ವಾಪಸು ಕಳಿಸುವುದು, ನಾನು ಹೊರುವುದು.

ಐದು ವರ್ಷ ಯಾವ ಅಧಿಕಾರಿಯೂ ಮೂಸಿ ನೋಡದ ಆ ಬಕೆಟ್ಟನ್ನು, ಹೊಸದಾಗಿ ವರ್ಗವಾಗಿ ಬಂದ ತಾವು ಬಿಚ್ಚಿಸಿದಿರಿ. ಹಾಲು, ಮೊಟ್ಟೆ ಬೆರೆತ ಯಾವ ಪದಾರ್ಥವೂ ಅನುಮತಿ ಪತ್ರವಿಲ್ಲದೆ ಸೇತುವೆ ದಾಟುವಂತಿಲ್ಲವೆಂಬ ಸುತ್ತೋಲೆಯನ್ನು, ನನ್ನ ಒಂದನೆಯ ತರಗತಿಯ ಮಕ್ಕಳೂ ಓದಲಾರದಷ್ಟು ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದಿರಿ. ಒಂದೋ ಮಾಲನ್ನು ಗುಂಡಿಯಲ್ಲಿ ಸುಡಬೇಕು, ಇಲ್ಲವೇ ಅದರ ಮಾಲೀಕರು ಖುದ್ದಾಗಿ ಬಂದು ಚೌಕಿಯ ಆವರಣದಲ್ಲೇ ತಿಂದು ಮುಗಿಸಬೇಕು ಎಂದಿರಿ. ಮಾಲೀಕ ಸೇತುವೆಯಾಚೆ ಇದ್ದಾನೆ ಎಂದೆ. "ಹಂಗಾದ್ರೆ ಕರೆಸಿ ಅಮ್ಮಾ, ನಂಗೇನು ಅವಸರ ಇಲ್ಲ" ಎಂದಿರಿ. ಅಂಥ ತಾಳ್ಮೆಯನ್ನು ನಾನು ಶಾಲಾ ತನಿಖಾಧಿಕಾರಿಗಳಲ್ಲೂ ಕಂಡಿಲ್ಲ.

ಅಣ್ಣನಿಗೆ ಫೋನು ಮಾಡಿದರೆ ಅವನು ಕೇಳಿದ್ದು ಒಂದೇ ಮಾತು: "ಸುಡ್ತಾರಂತಾ?" ಆಮೇಲೆ, "ಇರು, ಬಂದೆ." ಅಮ್ಮನಿಗೆ ಫೋನು ಮಾಡಬಾರದಿತ್ತು, ಮಾಡಿದೆ. ಹನ್ನೊಂದೂವರೆಗೆ ಅಣ್ಣ ಸೇತುವೆಯ ಮೇಲಿಂದ ದಾಪುಗಾಲು ಹಾಕುತ್ತ ಬಂದ. ಅವನ ಬೆನ್ನಿಗೇ ಅಮ್ಮ, ಹಿಟ್ಟು ಮೆತ್ತಿದ ನಿಲುವಂಗಿಯ ಮೇಲೆ ಕಂಬಳಿ ಹೊದ್ದು, ಕೋಲೂರಿಕೊಂಡು ಟ್ಯಾಕ್ಸಿಯಿಂದ ಇಳಿದಳು. ಇಬ್ಬರೂ ತಮ್ಮ ಮೇಜಿನ ಎರಡು ಬದಿಗೆ ನಿಂತು ಬಕೆಟ್ಟನ್ನು ನೋಡಿದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ.

ಇನ್ನು ನನ್ನ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ತಾವು ಎಣಿಸಿದಿರಿ. ತಮ್ಮ ನಮೂನೆಯಲ್ಲಿ ಒಟ್ಟು ಸಂಖ್ಯೆಯೆಂಬ ಕಾಲಂ ಇದೆಯೆಂದು, ಬಿಳಿ ಕೈಗವಸು ತೊಟ್ಟು, ಒಂದೊಂದನ್ನೇ ಎತ್ತಿಟ್ಟು ಎಣಿಸಿದಿರಿ. ಅಮ್ಮ "ಹನ್ನೆರಡು ಡಜನ್ ಬರ್ಕೋಪ್ಪಾ" ಎಂದಳು. ಅಷ್ಟಕ್ಕೆ ಬರೆದುಕೊಂಡು ಸುಮ್ಮನಾಗುವ ಮೈಗಳ್ಳ ಅಧಿಕಾರಿಗಳು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ತಾವು ಮಾತ್ರ ಮತ್ತೊಮ್ಮೆ ಮೊದಲಿನಿಂದ ಎಣಿಸಿ, "ಹನ್ನೊಂದೇ ಡಜನ್ ಇದೆ ಅಮ್ಮಾ" ಎಂದಿರಿ.

ಆಗ ಅಣ್ಣ ಬಾಯಿಬಿಟ್ಟ, ಅದೂ ತಮ್ಮ ಮುಖ ನೋಡಿಕೊಂಡು. "ನಂಗೆ ಪ್ರತಿ ವರ್ಷ ಅಷ್ಟೇ ಬರೋದು. ಮೊದಲೆಲ್ಲ ನಾನೇ ಮನೆಯಿಂದ ಹೊತ್ಕೊಂಡು ಹೋಗುವಾಗ ಹನ್ನೆರಡು ಇರ್ತಿತ್ತು. ಸಿಟ್ಟಿಗೆ ಒಂದು ಡಜನ್ ಕಮ್ಮಿ ಮಾಡಿದಾಳೆ ಅಂದ್ಕೊಂಡೆ."

ಅಮ್ಮನೂ ತಮಗೇ ಹೇಳಿದಳು. "ನಾನ್ಯಾಕಪ್ಪಾ ಕಮ್ಮಿ ಮಾಡ್ಲಿ? ಇವನು ಸಕ್ಕರೆ ಯಾಕೆ ಕಳಿಸ್ತಾನೆ ಕೇಳು. ನನ್ನ ಕೈಯಲ್ಲಿ ಸಿಹಿ ಸಾಲ್ದು ಅಂತ ತಾನೇ?"

"ಸಾಲ್ದು ಅಂತಲ್ಲ ಸಾರ್. ಪೇಟೆಯಿಂದ ಅವಳೊಬ್ಬಳೇ ಹೊತ್ಕೊಂಡು ಬರಬೇಕಲ್ಲ ಅಂತ."

ಮಾನ್ಯರೇ, ಆಗ ತಾಯಿ, ಮಗ, ಅಧಿಕಾರಿ, ಜೊತೆಗೆ ಸರದಿಯಲ್ಲಿದ್ದ ನಲವತ್ತು ಜನ, ಎಲ್ಲರೂ ಮೆಲ್ಲಗೆ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ದಾರಿ ಉದ್ದ ಇತ್ತು." ತಾವು ತುಟಿಯಂಚೂ ಕದಲಿಸದೆ ನಮೂನೆಯಲ್ಲಿ "ಸಾಗಣೆಯಲ್ಲಿ ನಷ್ಟ: ೧೨" ಎಂದು ಬರೆದು ಮೊಹರು ಒತ್ತಿದಿರಿ.

ನಾನು ಅದನ್ನು ಎಂದೂ ಕಳ್ಳತನವೆಂದು ಎಣಿಸಿದವಳಲ್ಲ. ಎರಡು ಗಂಟೆಯ ದಾರಿ, ತೊಡೆಯ ಮೇಲೆ ಬಿಸಿ ಆರದ ಬಕೆಟ್ಟು, ಬ್ಯಾಗಿನಲ್ಲಿ ಚಹಾದ ಫ್ಲಾಸ್ಕು; ಒಂದು ತಿಂದರೆ ಇನ್ನೊಂದು, ಉಳಿದದ್ದು ನನ್ನ ಮಕ್ಕಳಿಗೆಂದು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಳ್ಳುವುದು. ಆ ಒಂದು ಡಜನ್ನನ್ನು ಅಣ್ಣ ಅಲ್ಲಿ ಕೂತು ತಾಯಿಯ ಮುನಿಸೆಂದು ಲೆಕ್ಕ ಹಾಕುತ್ತಿದ್ದನೆಂಬುದು, ತಮ್ಮ ಮೇಜಿನ ಮುಂದೆ ನಿಲ್ಲುವವರೆಗೆ ನನಗೆ ಹೊಳೆದಿರಲೇ ಇಲ್ಲ. ಈಗಲೂ ಅದು ನೆನಪಾದರೆ ಪಾಠ ಮಾಡುತ್ತಿರುವಾಗಲೇ ಮಾತು ತಪ್ಪುತ್ತದೆ.

ಅಣ್ಣ ಒಂದನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡ, ಅರ್ಧವನ್ನು ಮೇಜಿನ ಮೇಲಿಂದ ಅಮ್ಮನತ್ತ ಚಾಚಿದ. ಅದನ್ನು ಹಿಡಿಯಲು ಅವಳ ಬೆರಳು ಸರಿಯಾಗಿ ಮಡಚಲಿಲ್ಲ. ಅವನು ಅದನ್ನು ನೋಡಿದ. ನೋಡಿ, ಅವಳ ಅಂಗೈ ಮೇಲಿಟ್ಟ. "ಉಪ್ಪು ಜಾಸ್ತಿಯಾಗಿದೆ" ಎಂದ. "ಚಮಚ ಕಾಣಲ್ಲ ನಂಗೆ, ಕೈಗೆ ಬಂದಷ್ಟು ಹಾಕ್ತೀನಿ" ಎಂದಳು ಅಮ್ಮ. "ಮುಂದಿನ ಸಲ ಉಪ್ಪು ನಾನು ಹಾಕ್ತೀನಿ." "ಎಲ್ಲಿಂದ ಹಾಕ್ತೀಯ, ಸೇತುವೆ ಆಚೆಯಿಂದಲಾ?" ಅವನು ಮೂಗು ಒರೆಸಿಕೊಂಡು, ಈ ಬದಿಗೆ ಬರುವವರು ಪಾಸ್‌ಪೋರ್ಟಿಗೆ ಮೊಹರು ಹಾಕಿಸಿಕೊಳ್ಳುವ ಕಿಟಕಿಯ ಮುಂದೆ ಹೋಗಿ ನಿಂತ.

ಮುಂದಿನದು ತಮಗೆ ಗೊತ್ತೇ ಇದೆ. ಹನ್ನೊಂದು ಡಜನ್ ಲಿಕುಕುವನ್ನು ಮೂವರು ತಿಂದು ಮುಗಿಸುವುದು ಸುತ್ತೋಲೆ ಬರೆದವರಿಂದಲೂ ಸಾಧ್ಯವಿಲ್ಲವಾದ್ದರಿಂದ ಅಮ್ಮ ಸರದಿಯವರನ್ನೆಲ್ಲ ಮಾಲೀಕರೆಂದು ಘೋಷಿಸಿದಳು. ಲಾರಿಯವರು ತಿಂದರು, ತಲೆಮೇಲೆ ಗಂಟು ಹೊತ್ತ ಹೆಂಗಸರು ತಿಂದರು. ಚಹಾ ಮಾರುವವಳಿಗೆ ಅಂಥ ವ್ಯಾಪಾರ ಈಸ್ಟರಿನಲ್ಲೂ ಆಗಿರಲಿಲ್ಲವಂತೆ. ಕರ್ತವ್ಯದಲ್ಲಿರುವಾಗ ತಿನ್ನುವಂತಿಲ್ಲವೆಂದ ತಾವು, ಪರೀಕ್ಷೆಗಾಗಿ ಮಾದರಿ ಎಂದು ನಾಲ್ಕನ್ನು ಸ್ವೀಕರಿಸಿದಿರಿ.

ಇದರಿಂದ ನನಗಾಗಿರುವ ಹಾನಿಯನ್ನು ತಾವು ಪರಿಶೀಲಿಸಬೇಕು. ಅಣ್ಣ ಈಗ ಪ್ರತಿ ತಿಂಗಳ ಕೊನೆಗೆ ಮನೆಯಲ್ಲೇ ಇರುತ್ತಾನೆ. ತೋಳು ಮಡಚಿ ಹಿಟ್ಟು ನಾದುತ್ತಾನೆ. ಅವನ ಕೈ ನನ್ನ ಕೈಗಿಂತ ಹದವೆಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಇಬ್ಬರೂ ಹಗಲೆಲ್ಲ ಹರಟುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದ ನನಗೆ ಮೊಟ್ಟೆ ಒಡೆಯುವ ಕೆಲಸ ಸಿಕ್ಕಿದೆ, ಒಡೆದ ಮೇಲೆ ಚಿಪ್ಪುಗಳನ್ನು ಎಣಿಸುತ್ತಾರೆ. ಹೊರುವ ಬಕೆಟ್ಟೂ ಇಲ್ಲ, ದಾರಿಯೂ ಇಲ್ಲ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಕಾಣೆಯಾದ ಹನ್ನೆರಡನ್ನು ಇಲಿಗಳು ತಿಂದವೆಂದು ಮೊಹರು ಸಹಿತ ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಅದು ಆಗದಿದ್ದರೆ, ನಮ್ಮಣ್ಣ ಪ್ರತಿ ತಿಂಗಳು ಬರುವಂತೆಯೇ ನೋಡಿಕೊಂಡು, ಬಂದಾಗಲೆಲ್ಲ ಒಂದು ದಿನದ ಮಟ್ಟಿಗೆ ನದಿಯನ್ನು ನಮ್ಮ ಅಡಿಗೆಮನೆಯ ನಡುವೆ ಹರಿಸಿ, ತಾಯಿಯಿಂದ ಮಗನಿಗೆ ತಿಂಡಿ ಸಾಗಿಸುವ ಅಧಿಕೃತ ಹುದ್ದೆಗೆ ನನ್ನನ್ನು ನೇಮಿಸಬೇಕು. ಇವೆರಡೂ ನಿಯಮದಲ್ಲಿಲ್ಲವಾದರೆ, ಗುಲಾಬಿ ಕೇಕುಗಳ ಮೇಲಾದರೂ ಒಂದು ಸುತ್ತೋಲೆ ಹೊರಡಿಸಬೇಕು.

ತಮ್ಮ ವಿಶ್ವಾಸಿ (ಈ ಮಾತನ್ನು ಸದ್ಯಕ್ಕೆ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ),
ಮೊಲಿಯೇಹಿ

ತಾ.ಕ.: ಇದನ್ನು ಅಮ್ಮ ಬರೆಸುತ್ತಿದ್ದಾಳೆ. ಮಾದರಿಯ ನಾಲ್ಕನೆಯದನ್ನು ತಿನ್ನುವಾಗ ನೀನು ಬೇಲಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದನ್ನು ಅವಳು ನೋಡಿದ್ದಾಳಂತೆ. ತನ್ನ ಕಣ್ಣು ಮಂಜಾಗಿರುವುದು ಚಮಚಕ್ಕೆ ಮಾತ್ರವಂತೆ. ನಿನ್ನ ತಾಯಿಯ ಊರು ಯಾವುದು, ಅಲ್ಲಿಗೆ ಹೋಗಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಿದ್ದಾಳೆ. ಉತ್ತರ ಮೂರು ಪ್ರತಿಗಳಲ್ಲಿ ಬೇಕಿಲ್ಲ, ರಜೆ ಹಾಕಿ ಹೋಗಿಬಂದರೆ ಸಾಕಂತೆ.