ಬಚ್ಚಲ ಹಂಡೆಯ ಇಂಜಿನ್

ಸ್ನಾನದ ನೀರಿಗೂ ಉದ್ಯೋಗ ಕೊಡಿಸಿದ ಮನುಷ್ಯ ಇಡೀ ಅಂಕೋಲಾ ತಾಲೂಕಿನಲ್ಲಿ ನನ್ನ ಸೋದರಮಾವನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ದೂರು ಕೊಡುತ್ತಿದ್ದೇನೆ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಧಾರವಾಡದ ವಿಶ್ವವಿದ್ಯಾಲಯದಿಂದ ರಜೆಗೆಂದು ರಾಮನಗುಳಿಯ ಅವನ ಮನೆಗೆ ಬಂದಾಗಲೆಲ್ಲ ನಾನು ಬಿಸಿನೀರು ಕಂಡದ್ದೇ ಇಲ್ಲ!

ಮೂಲ ಕಾರಣ ಅತ್ತೆಯ ಬಲಭುಜ. ಅದು ಹಿಡಿದುಕೊಂಡು ವರ್ಷವಾಗಿತ್ತು. ಆದರೂ ಮಾವ ಅಂಕೋಲೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವಷ್ಟು ಹೊತ್ತೂ ಆಳದ ಬಾವಿಯಿಂದ ನೀರು ಸೇದುವವಳು ಅವಳೇ. ಪಂಪು ಹಾಕಿಸೋಣವೆಂದರೆ ಮನೆಗೆ ಕರೆಂಟಿಲ್ಲ. ನಮ್ಮದೇ ಜಿಲ್ಲೆಯ ನದಿಯಲ್ಲಿ ಹುಟ್ಟಿದ ವಿದ್ಯುತ್ತು ನಮ್ಮದೇ ಗದ್ದೆಯ ಮೇಲಿನ ತಂತಿಯಲ್ಲಿ ಗುಂಯ್‌ಗುಡುತ್ತ ಯಾವುದೋ ನಗರಕ್ಕೆ ಹೋಗುತ್ತಿತ್ತು. ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ಕೇಳಲು ಹೋದ ನನಗೆ ವಿದ್ಯುತ್ ಕಚೇರಿಯ ಸಾಹೇಬರು ಕುರ್ಚಿಯನ್ನೂ ತೋರಿಸದೆ, "ಮುಂದಿನ ವರ್ಷ ನೋಡ್ವಾ" ಎಂದರು. ಹಿಂದಿನ ವರ್ಷವೂ ಅದನ್ನೇ ಅಂದಿದ್ದರು.

ಮಾವ ಕಾಯಲಿಲ್ಲ. ಕಾರವಾರ ಬಂದರಿನ ಐಸ್ ಫ್ಯಾಕ್ಟರಿಯೊಂದು ಬಿಸಾಡಿದ ಕಂಪ್ರೆಸರನ್ನು ಬಸ್ಸಿನ ಮೇಲೆ ಹೇರಿ ತಂದ. ಹಂಡೆಯೊಳಗೆ ತಾಮ್ರದ ಸುರುಳಿ ಇಳಿಸಿ ಅದರಲ್ಲಿ ಫ್ರಿಜ್ಜಿನ ದ್ರವ ತುಂಬಿದ. ಹಂಡೆಯ ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ಆ ದ್ರವ ಕುದಿದು ಆವಿಯಾಗಿ, ಕಂಪ್ರೆಸರನ್ನು ಹಿಮ್ಮುಖವಾಗಿ ತಿರುಗಿಸಿ, ತಣ್ಣೀರಿನ ತೊಟ್ಟಿಯಲ್ಲಿ ಮತ್ತೆ ದ್ರವವಾಗಿ ಹಂಡೆಯ ಸುರುಳಿಗೆ ಮರಳುತ್ತಿತ್ತು. ತಿರುಗುವ ಚಕ್ರ ಬಾವಿಯ ಪಂಪನ್ನು ನಡೆಸಬೇಕು. ಸಿದ್ಧಾಂತ ನಿರ್ದೋಷ! ತೊಟ್ಟಿಯ ತಣ್ಣೀರು ಮಾತ್ರ ಅದೇ ಬಾವಿಯಿಂದ ಬರಬೇಕಿತ್ತು.

"ನಂಗೆ ನೀರ್ ಎತ್ತಿಕೊಡೂಕೆ ಮಾಡಿದ ಯಂತ್ರಕ್ಕೆ ನಾನೇ ನೀರ್ ಎತ್ತಿಕೊಡೂದಾ?" ಎಂದಳು ಅತ್ತೆ.

"ಸುರುವಿಗೆ ಮಾತ್ರ ಮಾರಾಯ್ತಿ."

"ಮದುವೆ ಆದ ಹೊಸ್ತರಲ್ಲೂ ಹೀಂಗೇ ಹೇಳಿದ್ರಿ."

ಮುಂದೆ ಮಾವನಿಗೆ ದಕ್ಷತೆಯ ಹುಚ್ಚು ಹಿಡಿಯಿತು. ಆವಿಯ ಒತ್ತಡ ಏರಿಸಿದಷ್ಟೂ ಹೀರಿದ ಬಿಸಿಯಿಂದ ಹೆಚ್ಚು ಕೆಲಸ ಸಿಗುತ್ತದೆ, ನಿಜ. ಆದರೆ ಹಂಡೆಯಿಂದ ಹೀರುವ ಬಿಸಿಯೇ ಕಡಿಮೆಯಾಗುತ್ತದೆ. ಹೀಗಾಗಿ ಯಂತ್ರ ಅತ್ಯಂತ ದಕ್ಷವಾಗಿ, ಬಹುತೇಕ ನಿಂತೇಹೋಯಿತು.

"ನೀರೆಲ್ಲಿ, ಮಾವ?" ನಾನು ಜವಾಬು ಕೇಳಿದೆ.

"ನೀರಿರಲಿ, ದಕ್ಷತೆ ನೋಡು ತಂಗೀ."

"ದಕ್ಷತೆ ಹಾಕಿ ಪಾತ್ರೆ ತೊಳೀಬೇಕಾ?"

ಮುಖ ಊದಿಸಿಕೊಂಡೇ ಒತ್ತಡ ಇಳಿಸಿದ. ಪಂಪಿನಲ್ಲಿ ನೀರು ಬಂತು. ಹಂಡೆಯ ಬಿಸಿ ಹೋಯಿತು. ಸ್ನಾನವೋ ಪಂಪೋ, ಎರಡರಲ್ಲಿ ಒಂದು! ಮನೆಮಂದಿಯನ್ನೆಲ್ಲ ನಡುಗಿಸಲು ಇವನಿಗೆ ಅಧಿಕಾರ ಕೊಟ್ಟವರು ಯಾರು?

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅತ್ತೆ ಹಗ್ಗ ಮುಟ್ಟಲೇಬಾರದೆಂದು ಮಾವ ಹಟ ಹಿಡಿದ. ಸಂಜೆಯಿಡೀ ಒಲೆ ಉರಿಸಿ ಯಂತ್ರ ನಡೆಸಿದ. ಕೊಡಪಾನಗಳೆಲ್ಲ ತುಂಬಿದವು. ಅಷ್ಟರಲ್ಲಿ ಹಬ್ಬಕ್ಕೆಂದು ಒಣಗಿಸಿಟ್ಟಿದ್ದ ತೆಂಗಿನ ಸಿಪ್ಪೆಯೆಲ್ಲ ಮುಗಿದಿತ್ತು.

ಮರುದಿನ ನಸುಕಿನಲ್ಲಿ ಎಣ್ಣೆಸ್ನಾನಕ್ಕೆ ಉಳಿದದ್ದು ಕೊರೆಯುವ ತಣ್ಣೀರು. ಈ ಸಲ ಬಿಡುವುದಿಲ್ಲವೆಂದು ಬಚ್ಚಲಿನತ್ತ ನಡೆದೆ. ಮೈತುಂಬ ಎಣ್ಣೆ ಹಚ್ಚಿಕೊಂಡ ಮಾವ ಕಲ್ಲಿನ ಮೇಲೆ ಕೂತಿದ್ದ. ಅತ್ತೆ ತಂಬಿಗೆಯನ್ನು ಎಡಗೈಗೆ ಬದಲಿಸಿಕೊಂಡು ಅವನ ಬೆನ್ನಿಗೆ ನೀರು ಹೊಯ್ದಳು. ಅವನ ಹಲ್ಲು ಕಟಕಟಿಸಿದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು.

"ಬಿಸಿ ಸಾಕಾ?" ಅತ್ತೆ ಕೇಳಿದಳು.

"ಸುಡ್ತದೆ. ಚೂರು ತಣ್ಣೀರ್ ಬೆರೆಸು."

ಅತ್ತೆ ಅದೇ ಹಂಡೆಗೆ ತಂಬಿಗೆ ಅದ್ದಿ, ಬೆರೆಸಿದವಳಂತೆ ನೀರಿನಲ್ಲಿ ಬೆರಳಾಡಿಸಿ, ಮೆಲ್ಲಗೆ ಹೊಯ್ದಳು.