ಟವೆಲ್ ಎತ್ತಿದವರ ಕಂಪ್ಯೂಟರನ್ನು ನಂಬುವ ಬಗ್ಗೆ

ಸಂಖ್ಯೆ: ನಂಬಿಕೆ/ದೂರ/ಟವೆಲ್/೨೦೨೫-೨೬
ಬಂಗಾರಪೇಟೆ, ಬುಧವಾರ, ಊಟದ ವಿರಾಮದ ನಂತರ

ಸುತ್ತೋಲೆ

ವಿಷಯ: ಊರಿಗಾಂ ಶಾಖೆಯ ಕಂಪ್ಯೂಟರನ್ನು ನಂಬಿಕಸ್ಥರ ಪಟ್ಟಿಗೆ ಮರಳಿ ಸೇರಿಸುವ ಕುರಿತು.

ಉಲ್ಲೇಖ: ಸೋಮವಾರ ಸಂಜೆ ಮಾರಿಕುಪ್ಪಂ ರೈಲಿನಲ್ಲಿ ನಡೆದ ಮಾತುಕತೆ (ಇಡೀ ಬೋಗಿ ಕೇಳಿಸಿಕೊಂಡಿದೆ).

ನಂಬಿಕಸ್ಥರ ಪಟ್ಟಿಯಲ್ಲಿರುವ ಶಾಖೆಯ ಕಂಪ್ಯೂಟರು ಬಂಗಾರಪೇಟೆಯ ಮುಖ್ಯ ಕಂಪ್ಯೂಟರಿನೊಳಗೆ ಪಾಸ್‌ವರ್ಡ್ ಇಲ್ಲದೆ ಪ್ರವೇಶಿಸಬಹುದಷ್ಟೆ. ಸದರಿ ಪಟ್ಟಿಯ ಉಸ್ತುವಾರಿ ಶ್ರೀ ಗಿರಿ ಅವರು ಸೋಮವಾರ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದು, ಊರಿಗಾಂ ಶಾಖೆಯ ಕು. ಕಲ್ಪನ ಅವರು ಅದನ್ನೆತ್ತಿ, ಮಂಡಿನೋವಿನ ವೃದ್ಧೆ ಚಿಕ್ಕವೆಂಕಟಮ್ಮನವರನ್ನು ಕೂರಿಸಿರುತ್ತಾರೆ. ಆಗ ಗಿರಿ ಅವರು "ಆಕಿದ್ ಟವೆಲ್ ಎತ್ತೋರ್ನ ಎಂಗ್ ನಂಬೋದು?" ಎಂದೂ, ಕಲ್ಪನ ಅವರು "ಅಜ್ಜಿ ನಿಂತವ್ಳೆ, ನಿನ್ ಟವೆಲ್ ಕಾಲ್ ಚಾಚ್ಕೊಂಡ್ ಕೂತೈತಲ್ಲಣ್ಣೋ!" ಎಂದೂ ತಿಳಿಸಿರುತ್ತಾರೆ.

ಮಂಗಳವಾರ ಬೆಳಿಗ್ಗೆ ಪಟ್ಟಿಯಲ್ಲಿ ಊರಿಗಾಂ ಹೆಸರಿರಲಿಲ್ಲ.

ಅಂದಿನಿಂದ ಊರಿಗಾಂ ಶಾಖೆಗೆ ಪಾಸ್‌ವರ್ಡ್ ಕೇಳಲಾಗುತ್ತಿದೆ. "ಅದು ಇಷ್ಟ್ ವರ್ಷ ಕೇಳ್ಲಿಲ್ಲ, ನಾವೂ ಇಟ್ಕೊಳ್ಲಿಲ್ಲ ಸಾರ್" ಎಂದು ಹಿರಿಯ ಗುಮಾಸ್ತ ಶ್ರೀ ಸೆಲ್ವರಾಜ್ ವರದಿ ಮಾಡಿರುತ್ತಾರೆ. ಸಿಬ್ಬಂದಿಯ ಮನೆದೇವರುಗಳ ಹೆಸರನ್ನೆಲ್ಲ ಒತ್ತಿ ನೋಡಲಾಗಿದ್ದು, ಯಾವ ದೇವರೂ ಒಲಿದಿಲ್ಲ. ಶುಕ್ರವಾರ ಕಲ್ಪನ ಅವರದೇ ಮದುವೆ ಇದ್ದು, ರಜೆಯ ಅರ್ಜಿ ಊರಿಗಾಂ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿದೆ. ಮುಹೂರ್ತ ಮುಂದೂಡಲು ಪುರೋಹಿತರು ಒಪ್ಪಿರುವುದಿಲ್ಲ. ಆದ ಕಾರಣ ಎಲ್ಲರಿಗೂ ಸೂಚಿಸುವುದೇನೆಂದರೆ:

೧. ಕಂಪ್ಯೂಟರನ್ನು ನಂಬಿದರೆ ಅದರ ಮುಂದೆ ಕೂತವರನ್ನೆಲ್ಲ ನಂಬಿದಂತೆ. ಬೂದಿಕೋಟೆ ಶಾಖೆಯ ಶ್ರೀ ಮುನೀಂದ್ರ ಅವರು ಕುರ್ಚಿಗೆ ಟವೆಲ್ ಹಾಕಿ ಟೀಗೆ ಹೋಗುವ ಪದ್ಧತಿ ಕೈಬಿಡತಕ್ಕದ್ದು. ಟವೆಲನ್ನು ಬಳಕೆದಾರ ಎಂದು ಪರಿಗಣಿಸತಕ್ಕದ್ದಲ್ಲ.

೨. ನಂಬಿಕಸ್ಥ ಬಳಕೆದಾರರನ್ನು ಪೂರ್ಣ ಹೆಸರಿನಿಂದ ನಮೂದಿಸತಕ್ಕದ್ದು. ಈಗಿರುವ "ನಮ್ಮೋರೇ", "ಬೂದಿಕೋಟೆ ಮಾವ", "ಪಾಪ, ಒಳ್ಳೇವ್ನು" ಎಂಬ ಮೂವರು ಖುದ್ದು ಹಾಜರಾಗಿ ತಾವು ಯಾರೆಂದು ತಿಳಿಸತಕ್ಕದ್ದು.

೩. ರೈಲಿನಲ್ಲಿ ಆರಂಭವಾದ ಜಗಳದ ಸಿಂಧುತ್ವ ಮಾರಿಕುಪ್ಪಂವರೆಗೆ ಮಾತ್ರ. ಅಲ್ಲಿಂದ ಮುಂದೆ ಹಳಿಯೂ ಇಲ್ಲ, ಜಗಳವೂ ಇರತಕ್ಕದ್ದಲ್ಲ.

೪. ಬಂಗಾರಪೇಟೆ ನಂಬದಿದ್ದರೂ ಊರಿಗಾಂ ಕಂಪ್ಯೂಟರು ತನ್ನ ಪಟ್ಟಿಯಲ್ಲಿ ಬಂಗಾರಪೇಟೆಯನ್ನು ಇನ್ನೂ ಉಳಿಸಿಕೊಂಡಿರುವುದು ಕಂಡುಬಂದಿದೆ. ಸದರಿ ಯಂತ್ರದ ದೊಡ್ಡ ಮನಸ್ಸನ್ನು ಇಲಾಖೆ ಶ್ಲಾಘಿಸುತ್ತದೆ. ಸಿಬ್ಬಂದಿ ಬೇಕಿದ್ದಲ್ಲಿ ಅನುಸರಿಸಬಹುದು.

೫. ನಿಂತಿರುವ ಅಜ್ಜಿಯ ಎದುರು ಒದ್ದೆ ಟವೆಲಾಗಲಿ, ಒಣ ಟವೆಲಾಗಲಿ, ಮದುವೆಯಲ್ಲಿ ಉಡುಗೊರೆ ಬಂದ ಜರಿಯಂಚಿನ ಟವೆಲಾಗಲಿ ಊರ್ಜಿತವಲ್ಲ.

೬. ಗಿರಿ ಅವರು ಇಂದು ಸಂಜೆಯ ರೈಲು ಹೊರಡುವ ಮುನ್ನ ಊರಿಗಾಂ ಹೆಸರನ್ನು ಸ್ವಹಸ್ತದಿಂದ ಮರಳಿ ಸೇರಿಸತಕ್ಕದ್ದು. ತಪ್ಪಿದಲ್ಲಿ ವಧುವನ್ನು ಶುಕ್ರವಾರ ಕರ್ತವ್ಯದ ಮೇಲೆ ಹಾಜರಿದ್ದಾರೆಂದು ಭಾವಿಸಿ, ಧಾರೆಯನ್ನು ಊರಿಗಾಂ ಕಚೇರಿಯಲ್ಲೇ ಎರೆಸಲಾಗುವುದು. ಹೋಮದ ಹೊಗೆಗೆ ಯಂತ್ರವು ಕೆಟ್ಟಲ್ಲಿ ಗಿರಿ ಅವರೇ ಹೊಣೆ.

ಸಹಿ/-
ಮೇಲಧಿಕಾರಿ
(ನಿಂತೇ ಪ್ರಯಾಣಿಸುವವರು)

ತಿದ್ದುಪಡಿ: ಸಂಜೆ ರೈಲಿಗೆ ಮುನ್ನ ಊರಿಗಾಂ ಹೆಸರು ಪಟ್ಟಿಗೆ ಮರಳಿದೆ; ಅರ್ಜಿ ತಲುಪಿ ರಜೆ ಮಂಜೂರಾಗಿದೆ. ಅರ್ಜಿಯ ಕೊನೆಯಲ್ಲಿ "ಗಿರಿಯಣ್ಣಾ, ಊಟಕ್ ಬಾ. ಮೊದಲ್ನೇ ಪಂಕ್ತೀಲಿ ನಿಂಗೆ ಟವೆಲ್ ಆಕ್ಸಿರ್ತೀನಿ, ಯಾರೂ ಎತ್ತಲ್ಲ" ಎಂದಿದ್ದು, ಕಡತಕ್ಕೆ ಸೇರಿಸಲಾಗಿದೆ.

ಪ್ರತಿಗಳು:
ಶ್ರೀ ಗಿರಿ ಅವರಿಗೆ, ಒಗೆದ ಟವೆಲ್ ಸಹಿತ.
ಶ್ರೀ ಮುನೀಂದ್ರ ಅವರಿಗೆ, ಟೀ ಅಂಗಡಿಯ ವಿಳಾಸಕ್ಕೆ.
"ಬೂದಿಕೋಟೆ ಮಾವ" ಅವರಿಗೆ, ಸಿಕ್ಕಲ್ಲಿ.
ಶ್ರೀಮತಿ ಚಿಕ್ಕವೆಂಕಟಮ್ಮನವರಿಗೆ: ಎದ್ದು ಬಂದು ಸ್ವೀಕರಿಸಬೇಕಿಲ್ಲ, ಕೂತಲ್ಲಿಗೇ ತಲುಪಿಸುವುದು.